ಒಂದೇ ಫ್ಲಾಸ್ಕ್, ಒಂದೇ ವಂಶವಾಹಿಗಳು: ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಕೆಲವು ಕೋಶಗಳು ಮಾತ್ರ ಸ್ಪೋರ್ ಆಗುವುದೇಕೆ?

ಅಗರ್_ತಟ್ಟೆ

ಬ್ಯಾಸಿಲಸ್ ಸಬ್ಟಿಲಿಸ್ ಬ್ಯಾಕ್ಟೀರಿಯಾದ ಕೆಲವು ಕೋಶಗಳು ಊಟ ಮುಗಿದಾಗ ಶಾಖಕ್ಕೂ ಜಗ್ಗದ ಗಟ್ಟಿ ಸ್ಪೋರ್ ಆಗುತ್ತವೆ. ನನ್ನದು 168 ತಳಿ, ಸ್ಪೋರ್ ಕಟ್ಟಿಸಲು ಬಳಸುವ ಡಿಎಸ್‌ಎಂ ಮಾಧ್ಯಮ, 37 ಡಿಗ್ರಿ ಶೇಕರ್. ಸ್ಪೋ2ಜಿ ಎಂಬ ಸ್ಪೋರ್ ವಂಶವಾಹಿಯ ಪ್ರಮೋಟರಿಗೆ (ಅದನ್ನು ಚಾಲೂ ಮಾಡುವ ಡಿಎನ್‌ಎ ತುಂಡಿಗೆ) ಲ್ಯಾಕ್‌ಝಡ್ ಎಂಬ ಕಿಣ್ವದ ವಂಶವಾಹಿ ಜೋಡಿಸಿ, ಪಿಷ್ಟ ಒಡೆಯುವ ಕಿಣ್ವದ ವಂಶವಾಹಿಯಾದ ಅಮೈಇ ಜಾಗದಲ್ಲಿ ಕೂರಿಸಲಾಗಿದೆ. ಬೆಳವಣಿಗೆ ನಿಧಾನವಾಗಿ ಎರಡು ಗಂಟೆಯಾದಾಗ, ಅಂದರೆ ಟಿ2ನಲ್ಲಿ, ಒಎನ್‌ಪಿಜಿ ಪರೀಕ್ಷೆಯಲ್ಲಿ (ಲ್ಯಾಕ್‌ಝಡ್ ಕಿಣ್ವವನ್ನು ಹಳದಿ ಬಣ್ಣದಿಂದ ಅಳೆಯುವುದು) ಸಿಗುವ ಚಟುವಟಿಕೆ ಗರಿಷ್ಠದ ಸುಮಾರು 40%. ಮೂರು ಪ್ರಶ್ನೆಗಳಿವೆ.

ಈ 40% ಅಂದರೆ ಎಲ್ಲ ಕೋಶಗಳೂ ಅರೆಬರೆ ಚಾಲೂ ಆಗಿವೆ ಎಂದೋ, 40% ಕೋಶಗಳು ಪೂರ್ತಿ ಚಾಲೂ ಆಗಿ ಉಳಿದವು ಸುಮ್ಮನಿವೆ ಎಂದೋ? ಎರಡನೆಯದು: ಒಂದೇ ಕಲ್ಚರ್‌ನಿಂದ ಹಾಕಿದ ಎರಡು ಫ್ಲಾಸ್ಕ್‌ಗಳಲ್ಲಿ ಟಿ24ರ ಸ್ಪೋರ್ ಎಣಿಕೆ ಒಂದರಲ್ಲಿ ಮಿಲಿಲೀಟರಿಗೆ 3 × 10⁸, ಇನ್ನೊಂದರಲ್ಲಿ 2 × 10⁷. ಇಷ್ಟು ವ್ಯತ್ಯಾಸ ಎಲ್ಲಿಂದ? ಮೂರನೆಯದು: ಫಾಸ್ಫೇಟ್ ಸಿಕ್ಕಾಗ ಸ್ಪೋರ್ ಕಟ್ಟುವುದನ್ನು ಶುರು ಮಾಡಿಸುವ ಸ್ಪೋ0ಎ ಪ್ರೋಟೀನೇ ಯಜಮಾನ ಅಂತಾದರೆ, ಸದಾ ಸಕ್ರಿಯವಾಗಿರುವ ಸ್ಪೋ0ಎಯನ್ನು ಐಪಿಟಿಜಿ (ವಂಶವಾಹಿಯನ್ನು ಬೇಕೆಂದಾಗ ಚಾಲೂ ಮಾಡುವ ರಾಸಾಯನಿಕ) ಹಾಕಿ ಒಮ್ಮೆಲೇ ತುಂಬಿಸಿದರೆ ಎಲ್ಲ ಕೋಶಗಳೂ ಸ್ಪೋರ್ ಆಗಬೇಕಲ್ಲವೇ?

ಸಿಗ್ಮಾ_ಎಫ್

ಮೂರನೆಯದರಿಂದ ಶುರು ಮಾಡುತ್ತೇನೆ, ಏಕೆಂದರೆ ಮಿಕ್ಕ ಎರಡರ ಉತ್ತರವೂ ಅದರೊಳಗೇ ಇದೆ. ಆಗುವುದಿಲ್ಲ. ಫುಜಿಟಾ ಮತ್ತು ಲೋಸಿಕ್ 2005ರಲ್ಲಿ ಇದನ್ನೇ ಮಾಡಿ ನೋಡಿದರು. ಫಾಸ್ಫೇಟ್ ಇಲ್ಲದೆಯೂ ಕೆಲಸ ಮಾಡುವ ಸ್ಪೋ0ಎ ರೂಪವನ್ನು ದಿಢೀರನೆ ತುಂಬಿಸಿದಾಗ ಸ್ಪೋರ್‌ಗಳು ಸರಿಯಾಗಿ ಬರಲಿಲ್ಲ. ಅದರ ಬದಲು ಮೇಲಿನ ಹಂತದ ಕಿನ್‌ಎ ಕೈನೇಸನ್ನು (ಫಾಸ್ಫೇಟ್ ಹಚ್ಚುವ ಕಿಣ್ವವನ್ನು) ಐಪಿಟಿಜಿಯಿಂದ ಚಾಲೂ ಮಾಡಿದಾಗ, ಊಟ ಹೇರಳವಾಗಿರುವ ಮಾಧ್ಯಮದಲ್ಲೂ ಕೋಶಗಳು ಚೆನ್ನಾಗಿ ಸ್ಪೋರ್ ಕಟ್ಟಿದವು. ಸ್ಪೋ0ಎ ಎಷ್ಟಿದೆ ಎಂಬುದು ಎಷ್ಟು ಮುಖ್ಯವೋ, ಅದು ಯಾವ ವೇಗದಲ್ಲಿ ಏರಿತು ಎಂಬುದೂ ಅಷ್ಟೇ ಮುಖ್ಯ.

ದಾರಿ ಹೀಗಿದೆ. ಕಿನ್‌ಎ ತನ್ನ ಮೇಲೆ ತಾನೇ ಫಾಸ್ಫೇಟ್ ಹಚ್ಚಿಕೊಂಡು ಅದನ್ನು ಸ್ಪೋ0ಎಫ್‌ಗೆ ಕೊಡುತ್ತದೆ, ಅದು ಸ್ಪೋ0ಬಿಗೆ, ಸ್ಪೋ0ಬಿ ಕೊನೆಗೆ ಸ್ಪೋ0ಎಗೆ. ಕೈನೇಸ್ ನೇರವಾಗಿ ಸ್ಪೋ0ಎಗೇ ಕೊಟ್ಟಿದ್ದರೆ ಸಾಲದಿತ್ತೇ? ಸಾಲದು. ನಡುವೆ ಕೈ ಬದಲಾಗುವ ಕಡೆಯಲ್ಲೇ ಕೋಶ ತನ್ನ ಅನುಮಾನಗಳನ್ನೆಲ್ಲ ಇಟ್ಟಿದೆ. ರ್‍ಯಾಪ್‌ಎ, ರ್‍ಯಾಪ್‌ಬಿ ಎಂಬ ಫಾಸ್ಫಟೇಸ್‌ಗಳು ಸ್ಪೋ0ಎಫ್‌ನಿಂದ ಫಾಸ್ಫೇಟ್ ಕಿತ್ತುಹಾಕುತ್ತವೆ, ಸ್ಪೋ0ಇ ಎಂಬುದು ಸ್ಪೋ0ಎಯಿಂದಲೇ ಕಿತ್ತುಹಾಕುತ್ತದೆ. ಡಿಎನ್‌ಎ ನಕಲು ಮಾಡುವಾಗ ತೊಂದರೆ ಬಂದರೆ ಎಸ್‌ಡಿಎ ಎಂಬ ಪುಟ್ಟ ಪ್ರೋಟೀನ್ ಕಿನ್‌ಎಯನ್ನೇ ಕಟ್ಟಿಹಾಕುತ್ತದೆ. ತುಂಬುವ ಕೊಳವೆ ಒಂದು, ಸೋರುವ ತೂತು ಹಲವು. ನೀರು ಮೇಲೇರಬೇಕಾದರೆ ತುಂಬುವುದು ಸೋರುವುದನ್ನು ಮೀರಬೇಕು.

ಏರುವಾಗಲೂ ಎಲ್ಲ ವಂಶವಾಹಿಗಳು ಒಟ್ಟಿಗೆ ಏಳುವುದಿಲ್ಲ. ಫಾಸ್ಫೇಟ್ ಹೊತ್ತ ಸ್ಪೋ0ಎ ಕಡಿಮೆ ಇರುವಾಗಲೇ ಎಬಿಆರ್‌ಬಿ ಎಂಬ ತಡೆಗಾರ ಪ್ರೋಟೀನಿನ ವಂಶವಾಹಿ ಮುಚ್ಚಿಕೊಳ್ಳುತ್ತದೆ, ಬಯೋಫಿಲ್ಮ್ ಕಟ್ಟುವ ವಂಶವಾಹಿಗಳು ತೆರೆಯುತ್ತವೆ. ಸ್ಪೋರ್ ಕಟ್ಟುವ ವಂಶವಾಹಿಗಳಾದ ಸ್ಪೋ2ಎ, ಸ್ಪೋ2ಇ, ಸ್ಪೋ2ಜಿ ಹೆಚ್ಚಿನ ಮಟ್ಟಕ್ಕೆ ಕಾಯುತ್ತವೆ. ಎಬಿಆರ್‌ಬಿ ಹೋದ ಮೇಲೆ ಸಿಗ್ಮಾ ಎಚ್ (ಸಿಗ್ಮಾಗಳೆಂದರೆ ಯಾವ ವಂಶವಾಹಿ ಓದಬೇಕೆಂದು ತೋರಿಸುವ ಪ್ರೋಟೀನ್‌ಗಳು) ಏರುತ್ತದೆ, ಸಿಗ್ಮಾ ಎಚ್ ತಿರುಗಿ ಸ್ಪೋ0ಎ ವಂಶವಾಹಿಯನ್ನೇ ಹೆಚ್ಚು ಓದಿಸುತ್ತದೆ. ಈ ಸುತ್ತು ನಿಧಾನವಾಗಿ ಬಿಗಿಯಾಗಬೇಕು. ಒಮ್ಮೆಲೇ ಸುರಿದರೆ, ಮೊದಲು ಆಗಬೇಕಾದ ತಯಾರಿ ಮುಗಿಯುವ ಮುಂಚೆಯೇ ಕೊನೆಯ ಹಂತದ ವಂಶವಾಹಿಗಳು ಎದ್ದುಬಿಡುತ್ತವೆ.

ಹುಲ್ಲುಗಾವಲು

ಎರಡನೇ ಪ್ರಶ್ನೆಗೆ: ವಂಶವಾಹಿಗೆ ಹೋಗುವ ಮೊದಲು ಫ್ಲಾಸ್ಕನ್ನು ನೋಡಿ. 250 ಮಿಲಿ ಫ್ಲಾಸ್ಕಿನಲ್ಲಿ ಎಷ್ಟು ಮಾಧ್ಯಮ ಹಾಕಿದ್ದೀರಿ? 25 ಮಿಲಿ ಮೀರಬಾರದು. ಆಮ್ಲಜನಕ ಸಾಲದೆ ಹೋದರೆ ಸ್ಪೋರ್ ಎಣಿಕೆ ಬೀಳುತ್ತದೆ.

ಡಿಎಸ್‌ಎಂ ಒಂದು ಲೀಟರಿಗೆ: ನ್ಯೂಟ್ರಿಯೆಂಟ್ ಬ್ರಾತ್ 8 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1 ಗ್ರಾಂ, ಏಳು ನೀರಿನ ಮೆಗ್ನೀಸಿಯಂ ಸಲ್ಫೇಟ್ 0.25 ಗ್ರಾಂ, ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 7.6. ಇಷ್ಟನ್ನು ಆಟೋಕ್ಲೇವ್ ಮಾಡಿ, 50 ಡಿಗ್ರಿಗಿಂತ ಕೆಳಗೆ ತಣಿದ ಮೇಲೆ ಫಿಲ್ಟರ್ ಮಾಡಿಟ್ಟ ದ್ರಾವಣಗಳಿಂದ ಕ್ಯಾಲ್ಸಿಯಂ ನೈಟ್ರೇಟ್ 1 ಮಿಲಿಮೋಲಾರ್, ಮ್ಯಾಂಗನೀಸ್ ಕ್ಲೋರೈಡ್ 10 ಮೈಕ್ರೋಮೋಲಾರ್, ಫೆರಸ್ ಸಲ್ಫೇಟ್ 1 ಮೈಕ್ರೋಮೋಲಾರ್ ಸೇರಿಸಬೇಕು. ಫೆರಸ್ ಸಲ್ಫೇಟ್ ದ್ರಾವಣ ಹಳದಿ-ಕಂದು ತಿರುಗಿದ್ದರೆ ಅದು ಆಕ್ಸಿಡೈಸ್ ಆಗಿದೆ, ಹೊಸದು ಮಾಡಿಕೊಳ್ಳಿ.

ಮ್ಯಾಂಗನೀಸ್ ಬಗ್ಗೆ ಹೆಚ್ಚು ಹೇಳಬೇಕು. ಬ್ಯಾಸಿಲಸ್‌ನ ಫಾಸ್ಫೋಗ್ಲಿಸರೇಟ್ ಮ್ಯೂಟೇಸ್ ಕಿಣ್ವಕ್ಕೆ ಮ್ಯಾಂಗನೀಸ್ ಬೇಕೇ ಬೇಕು. ಅದು ಸಿಗದಿದ್ದರೆ ಕೋಶ ಬೆಳೆದಂತೆ ಕಂಡರೂ ಸ್ಪೋರ್ ಕಟ್ಟುವುದಿಲ್ಲ. ಒಡಿ (ಕಲ್ಚರ್‌ನ ಮಬ್ಬು, ಅಂದರೆ ಕೋಶಗಳ ದಟ್ಟಣೆಯ ಅಳತೆ) ನೋಡಿದರೆ ಎರಡೂ ಫ್ಲಾಸ್ಕ್ ಒಂದೇ ತರಹ ಇರುತ್ತವೆ, ಮೋಸ ಆಗುವುದು ಅಲ್ಲೇ. ಇನ್ನೊಂದು, ಗ್ಲೂಕೋಸ್. ಡಿಎಸ್‌ಎಂಗೆ ಗ್ಲೂಕೋಸ್ ಸೇರಿದರೆ ಸ್ಪೋರ್ ಎಣಿಕೆ ಕುಸಿಯುತ್ತದೆ. ಗ್ಲೂಕೋಸ್ ಇರುವ ಮಾಧ್ಯಮದಲ್ಲಿ ಬೆಳೆಸಿದ ರಾತ್ರಿಯ ಕಲ್ಚರನ್ನು ಧಾರಾಳವಾಗಿ ಸುರಿದರೆ ಅದೂ ಜೊತೆಗೆ ಬರುತ್ತದೆ.

ಅಗರ್_ತಟ್ಟೆ

ಎಣಿಕೆ ಹೆಚ್ಚಿದ್ದ ಫ್ಲಾಸ್ಕಿನಲ್ಲಿ 25 ಮಿಲಿ, ಕಡಿಮೆ ಇದ್ದುದರಲ್ಲಿ 80 ಮಿಲಿ. ಎರಡೂ 250ರ ಫ್ಲಾಸ್ಕೇ. ಲೋಹದ ಲವಣಗಳನ್ನು ಆಟೋಕ್ಲೇವ್‌ಗೆ ಮೊದಲೇ ಹಾಕಿದ್ದು, ತಳದಲ್ಲಿ ತೆಳುವಾದ ಮಡ್ಡಿ ಕಂಡಿತ್ತು. ಎಣಿಸುವ ಮೊದಲು ಸಾಮಾನ್ಯ ಕೋಶಗಳನ್ನು ಕೊಂದು ಸ್ಪೋರ್ ಮಾತ್ರ ಉಳಿಸಲು ಶಾಖ ಕೊಡುವ ಹಂತದಲ್ಲೂ ತಪ್ಪಿರಬಹುದೇ?

ಹುಲ್ಲುಗಾವಲು

80 ಮಿಲಿಯೇ ಕಾರಣ ಎನ್ನಲು ಸಾಕು, ಮಡ್ಡಿ ಅದಕ್ಕೆ ಸೇರಿಕೊಂಡಿದೆ. ಪಿಎಚ್ 7.6ರಲ್ಲಿ ಬಿಸಿ ಮಾಡಿದರೆ ಕ್ಯಾಲ್ಸಿಯಂ, ಕಬ್ಬಿಣ, ಮ್ಯಾಂಗನೀಸ್ ಬ್ರಾತ್‌ನಲ್ಲಿರುವ ಫಾಸ್ಫೇಟ್ ಜೊತೆ ಕೂಡಿ ತಳಕ್ಕಿಳಿಯುತ್ತವೆ. ಕೋಶಕ್ಕೆ ಸಿಗುವುದು ಉಳಿದದ್ದು ಮಾತ್ರ.

ಶಾಖದ ಹಂತ: 80 ಡಿಗ್ರಿ, 20 ನಿಮಿಷ, ನೀರಿನ ಸ್ನಾನದಲ್ಲಿ. ಒಣ ಹೀಟಿಂಗ್ ಬ್ಲಾಕ್ ಬೇಡ, ಅದರಲ್ಲಿ ಟ್ಯೂಬಿನ ಮೇಲ್ಭಾಗ ಬಿಸಿಯಾಗದೆ ಉಳಿಯುತ್ತದೆ. ಗೋಡೆಗೆ, ಮುಚ್ಚಳಕ್ಕೆ ಅಂಟಿದ ಹನಿಯೊಂದರಲ್ಲಿ ಸಾಮಾನ್ಯ ಕೋಶಗಳು ಬದುಕಿಬಿಟ್ಟರೆ ಸ್ಪೋ0ಎ ಇಲ್ಲದ ತಳಿಯಲ್ಲೂ ಕಾಲನಿಗಳು ಕಾಣುತ್ತವೆ. ಟ್ಯೂಬಿನೊಳಗಿನ ದ್ರವದ ಮಟ್ಟಕ್ಕಿಂತ ನೀರಿನ ಮಟ್ಟ ಎರಡು ಬೆರಳು ಮೇಲಿರಲಿ. ಜೊತೆಗೆ ಸ್ಪೋ0ಎ ಅಳಿಸಿದ ತಳಿಯನ್ನೂ ಪ್ರತಿ ಸಲ ಇಡಿ. ಅದರಲ್ಲಿ ಕಾಲನಿ ಬಂದರೆ ಆ ದಿನದ ಸಂಖ್ಯೆಗಳನ್ನು ನಂಬಬೇಡಿ.

ಲೆಕ್ಕ: ಶಾಖ ಕೊಡುವ ಮೊದಲು ಹತ್ತು ಲಕ್ಷ ಪಟ್ಟು ತೆಳುಮಾಡಿದ (10⁻⁶) ದ್ರಾವಣದ 0.1 ಮಿಲಿಯಲ್ಲಿ 42 ಕಾಲನಿ ಬಂದರೆ ಮಿಲಿಲೀಟರಿಗೆ 4.2 × 10⁸. ಶಾಖದ ನಂತರ ಅದೇ ದ್ರಾವಣದಲ್ಲಿ 25 ಬಂದರೆ 2.5 × 10⁸. ಅಂದರೆ ಸುಮಾರು 60%. ಎರಡೂ ಎಣಿಕೆ ಬೇಕು. ಶಾಖದ ನಂತರದ್ದನ್ನು ಮಾತ್ರ ಎಣಿಸಿದರೆ ಕೋಶಗಳು ಕಡಿಮೆ ಬೆಳೆದವೋ, ಬೆಳೆದೂ ಸ್ಪೋರ್ ಆಗಲಿಲ್ಲವೋ ಗೊತ್ತಾಗುವುದಿಲ್ಲ.

ಗಣಿತದ_ಕಣ್ಣು

ಮೊದಲನೇ ಪ್ರಶ್ನೆಗೆ ಬರೋಣ. ಒಎನ್‌ಪಿಜಿ ಪರೀಕ್ಷೆಗೆ ಆ ಎರಡರಲ್ಲಿ ಯಾವುದೆಂದು ಹೇಳುವ ಶಕ್ತಿಯೇ ಇಲ್ಲ. ಕೋಟಿಗಟ್ಟಲೆ ಕೋಶಗಳನ್ನು ಒಡೆದು ಬಣ್ಣ ನೋಡುವ ಪರೀಕ್ಷೆ ಸರಾಸರಿ ಕೊಡುತ್ತದೆ, ಹಂಚಿಕೆ ಕೊಡುವುದಿಲ್ಲ.

ಇದು ಹಳೆಯ ಪಾಠ. 1957ರಲ್ಲಿ ನೋವಿಕ್ ಮತ್ತು ವೀನರ್ ಇ. ಕೋಲೈ ಮೇಲೆ ಇದನ್ನು ತೋರಿಸಿದರು. ಲ್ಯಾಕ್ಟೋಸ್ ವಂಶವಾಹಿಗಳನ್ನು ಎಬ್ಬಿಸುವ ಟಿಎಂಜಿಯನ್ನು ಮಧ್ಯಮ ಪ್ರಮಾಣದಲ್ಲಿ ಕೊಟ್ಟಾಗ ಕಿಣ್ವದ ಒಟ್ಟು ಮಟ್ಟ ಮೆಲ್ಲಗೆ ಏರಿತು. ಒಳಗೆ ನೋಡಿದರೆ ಪೂರ್ತಿ ಎದ್ದ ಕೋಶಗಳು, ಎದ್ದೇ ಇಲ್ಲದ ಕೋಶಗಳು, ಎರಡೇ ಬಗೆ. ಎದ್ದವುಗಳ ಸಂಖ್ಯೆ ಏರುತ್ತಿದ್ದುದೇ ಹೊರಗೆ ನಿಧಾನದ ಏರಿಕೆಯಾಗಿ ಕಂಡಿತ್ತು.

ಹಾಗಾಗಿ ಅದೇ ಸ್ಪೋ2ಜಿ ಪ್ರಮೋಟರಿಗೆ ಹಸಿರಾಗಿ ಹೊಳೆಯುವ ಜಿಎಫ್‌ಪಿ ಪ್ರೋಟೀನಿನ ವಂಶವಾಹಿ ಜೋಡಿಸಿ, 1.5% ಅಗರೋಸ್ ಪ್ಯಾಡ್ ಮೇಲೆ ಕನಿಷ್ಠ 500 ಕೋಶಗಳನ್ನು ಒಂದೊಂದಾಗಿ ಅಳೆಯಿರಿ. ಸರಾಸರಿ ತೆಗೆಯಬೇಡಿ, ಹಿಸ್ಟೊಗ್ರಾಂ ಹಾಕಿ. ಎರಡು ಗುಡ್ಡ ಕಂಡರೆ ಕೆಲವು ಕೋಶಗಳು ಮಾತ್ರ ಚಾಲೂ. ಒಂದೇ ಗುಡ್ಡ ಬಲಕ್ಕೆ ಸರಿಯುತ್ತಿದ್ದರೆ ಎಲ್ಲವೂ ಅರೆಬರೆ. ಎರಡು ಎಚ್ಚರಿಕೆ ಇವೆ. ಜಿಎಫ್‌ಪಿ ತಯಾರಾದ ಕೂಡಲೇ ಹೊಳೆಯುವುದಿಲ್ಲ, ಪಕ್ವವಾಗಲು ಸಮಯ ಮತ್ತು ಆಮ್ಲಜನಕ ಎರಡೂ ಬೇಕು, ಹಾಗಾಗಿ ಒಎನ್‌ಪಿಜಿ ಗಡಿಯಾರಕ್ಕಿಂತ ಅದು ಹಿಂದಿರುತ್ತದೆ. ಒಮ್ಮೆ ಆದ ಜಿಎಫ್‌ಪಿ ಸುಲಭಕ್ಕೆ ಕರಗುವುದೂ ಇಲ್ಲ. ಬೆಳವಣಿಗೆ ನಿಂತ ಕೋಶದಲ್ಲಿ ಅದು ಹಂಚಿ ತೆಳುವಾಗುವ ದಾರಿಯೂ ಇಲ್ಲ. ಪ್ರಮೋಟರ್ ಮುಚ್ಚಿದ ಮೇಲೂ ಕೋಶ ಹೊಳೆಯುತ್ತಲೇ ಇರುತ್ತದೆ.

ಲ್ಯಾಕ್‌ಝಡ್ ಬಿಡಬೇಕಿಲ್ಲ, ಆದರೆ ಕೋಶದ ಗೋಡೆ ಕರಗಿಸುವ ಲೈಸೋಝೈಮ್ ಕಿಣ್ವವನ್ನು ಮರೆಯಬೇಡಿ. ಬ್ಯಾಸಿಲಸ್‌ನ ಗೋಡೆ ದಪ್ಪ. ಇ. ಕೋಲೈಗೆ ಸಾಲುವ ಕ್ಲೋರೋಫಾರಂ ವಿಧಾನ ಇಲ್ಲಿ ಸಾಲದು. ಮಿಲಿಗೆ 100 ಮೈಕ್ರೋಗ್ರಾಂ, 37 ಡಿಗ್ರಿ, 15 ರಿಂದ 20 ನಿಮಿಷ ಕೊಡಿ. ಕೋಶ ಪೂರ್ತಿ ಒಡೆಯದಿದ್ದರೆ ಆ 40% ನಿಜವಾಗಿ 60% ಇದ್ದಿರಬಹುದು.

ನೀಲಿ_ಫಲಕ

ಹಂಚಿಕೆಯ ವಿಷಯಕ್ಕೆ ಸ್ಪೋರ್‌ಗಿಂತ ಸ್ಪಷ್ಟವಾದ ಉದಾಹರಣೆ ಇದೇ ಜೀವಿಯಲ್ಲಿದೆ: ಕಾಂಪಿಟೆನ್ಸ್, ಅಂದರೆ ಹೊರಗಿನ ಡಿಎನ್‌ಎಯನ್ನು ಒಳಗೆಳೆದುಕೊಳ್ಳುವ ಸ್ಥಿತಿ. 168 ತಳಿಯಲ್ಲಿ ಒಳ್ಳೆಯ ಮಾಧ್ಯಮ ಕೊಟ್ಟರೂ ಆ ಸ್ಥಿತಿಗೆ ಹೋಗುವುದು ಹೆಚ್ಚುಕಡಿಮೆ 10ರಿಂದ 20% ಕೋಶಗಳು ಮಾತ್ರ.

ಇಲ್ಲಿ ಯಜಮಾನ ಕಾಮ್‌ಕೆ. ಸಾಮಾನ್ಯ ದಿನಗಳಲ್ಲಿ ಮೆಕ್‌ಎ ಅದನ್ನು ಹಿಡಿದು ಕ್ಲ್ಪ್‌ಸಿ-ಕ್ಲ್ಪ್‌ಪಿ ಎಂಬ ಚೂರಾಗಿಸುವ ಯಂತ್ರಕ್ಕೆ ಒಪ್ಪಿಸುತ್ತದೆ. ಕೋಶಗಳು ದಟ್ಟವಾದಾಗ ಕಾಮ್‌ಎಕ್ಸ್ ಎಂಬ ಸಂಕೇತ ಹೊರಗೆ ಸೇರುತ್ತದೆ, ಕಾಮ್‌ಪಿ ಅದನ್ನು ಗ್ರಹಿಸಿ ಕಾಮ್‌ಎಗೆ ಫಾಸ್ಫೇಟ್ ಕೊಡುತ್ತದೆ, ಕಾಮ್‌ಎ ಎಸ್‌ಆರ್‌ಎಫ್‌ಎ ಎಂಬ ವಂಶವಾಹಿ ಗುಂಪನ್ನು ತೆರೆಯುತ್ತದೆ. ಅದರೊಳಗೇ ಅಡಗಿರುವ ಪುಟ್ಟ ವಂಶವಾಹಿ ಕಾಮ್‌ಎಸ್. ಕಾಮ್‌ಎಸ್ ಮೆಕ್‌ಎಯ ಕೈ ಕಟ್ಟುತ್ತದೆ, ಕಾಮ್‌ಕೆ ಬದುಕುತ್ತದೆ. ಬದುಕಿದ ಕಾಮ್‌ಕೆ ತನ್ನ ಪ್ರಮೋಟರಿಗೇ ಹೋಗಿ ಕೂತು ತನ್ನನ್ನೇ ಹೆಚ್ಚಿಸಿಕೊಳ್ಳುತ್ತದೆ. ಒಂದು ಮಟ್ಟ ದಾಟಿದರೆ ಮಿಂಚಿನಂತೆ ಏರುತ್ತದೆ, ದಾಟದಿದ್ದರೆ ಇಳಿದುಹೋಗುತ್ತದೆ. ನಡುವೆ ನಿಲ್ಲುವ ಜಾಗವೇ ಇಲ್ಲ.

ಯಾವ ಕೋಶ ಆ ಮಟ್ಟ ದಾಟುತ್ತದೆ ಎಂಬುದು ಬಹುಪಾಲು ಆಕಸ್ಮಿಕ. ಕಾಮ್‌ಕೆಯ ಎಂಆರ್‌ಎನ್‌ಎ ಒಂದು ಕೋಶದಲ್ಲಿ ಬೆರಳೆಣಿಕೆಯಷ್ಟೇ. ಒಂದೆರಡು ಹೆಚ್ಚಾದರೂ ಫಲಿತಾಂಶ ಬದಲಾಗುತ್ತದೆ. ಮಾಮರ್, ರಾಜ್, ದುಬ್ನೌ 2007ರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ಎಂಆರ್‌ಎನ್‌ಎ ಹೆಚ್ಚು ಬರುವಂತೆ, ಆದರೆ ಪ್ರತಿಯೊಂದರಿಂದ ಪ್ರೋಟೀನ್ ಕಡಿಮೆ ಆಗುವಂತೆ ಮಾಡಿ, ಸರಾಸರಿ ಹಾಗೇ ಇಟ್ಟು ಏರುಪೇರನ್ನು ಮಾತ್ರ ಕುಗ್ಗಿಸಿದರು. ಕಾಂಪಿಟೆಂಟ್ ಕೋಶಗಳ ಪಾಲು ಕುಸಿಯಿತು.

ಸಿಗ್ಮಾ_ಎಫ್

ಕಾಂಪಿಟೆನ್ಸ್‌ಗೆ ಇದನ್ನು ಒಪ್ಪುತ್ತೇನೆ. ಸ್ಪೋರ್‌ಗೆ ಅದೇ ವಿವರಣೆಯನ್ನು ಎತ್ತಿಡುವುದನ್ನು ಒಪ್ಪುವುದಿಲ್ಲ. ಅಲ್ಲಿ ಆಕಸ್ಮಿಕಕ್ಕಿಂತ ಆ ಕೋಶ ತನ್ನ ವಿಭಜನೆಯ ಚಕ್ರದಲ್ಲಿ ಎಲ್ಲಿದೆ ಎಂಬುದು ದೊಡ್ಡದು.

ಸ್ಪೋ0ಎಫ್ ವಂಶವಾಹಿ ಕ್ರೋಮೋಸೋಮಿನಲ್ಲಿ ನಕಲು ಶುರುವಾಗುವ ಜಾಗದ ಹತ್ತಿರವಿದೆ, ಕಿನ್‌ಎ ಮುಗಿಯುವ ಜಾಗದ ಹತ್ತಿರ. ನಕಲು ನಡೆಯುತ್ತಿರುವಾಗ ಸ್ಪೋ0ಎಫ್‌ಗೆ ಎರಡು ಪ್ರತಿ ಬಂದಿರುತ್ತದೆ, ಕಿನ್‌ಎಗೆ ಇನ್ನೂ ಒಂದೇ. ಹೆಚ್ಚಾದ ಸ್ಪೋ0ಎಫ್ ಕಿನ್‌ಎಯನ್ನು ಅದುಮಿ ಹಿಡಿಯುತ್ತದೆ. ನಕಲು ಮುಗಿದು ಕಿನ್‌ಎಯೂ ಎರಡಾದಾಗ ಹಿಡಿತ ಸಡಿಲವಾಗಿ ಸ್ಪೋ0ಎ ಫಾಸ್ಫೇಟ್ ಒಮ್ಮೆ ಜಿಗಿಯುತ್ತದೆ. ಅಂದರೆ ಪ್ರತಿ ಚಕ್ರಕ್ಕೆ ಒಂದು ಅವಕಾಶ, ಅದೂ ಎರಡು ಪೂರ್ಣ ಕ್ರೋಮೋಸೋಮ್ ಕೈಯಲ್ಲಿರುವ ಹೊತ್ತಿಗೆ. ಸ್ಪೋರ್‌ಗೆ ಒಂದು, ತಾಯಿಕೋಶಕ್ಕೆ ಒಂದು ಬೇಕಲ್ಲ. ಊಟ ಕಡಿಮೆಯಾಗಿ ಬೆಳವಣಿಗೆ ನಿಧಾನವಾದಷ್ಟೂ ಕಿನ್‌ಎ ತೆಳುವಾಗದೆ ಕೂಡಿಕೊಳ್ಳುತ್ತದೆ, ಜಿಗಿತ ದೊಡ್ಡದಾಗುತ್ತದೆ. ವಂಶವಾಹಿ ಕೂತಿರುವ ಜಾಗವೇ ನಿಯಂತ್ರಣದ ಭಾಗ ಆಗಿರುವುದು ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸುಂದರವಾದದ್ದು.

ಪ್ರಯೋಗದ ದೃಷ್ಟಿಯಿಂದ ಇದರ ಅರ್ಥ: ಡಿಎಸ್‌ಎಂನಲ್ಲಿ ಕೋಶಗಳು ಬೇರೆ ಬೇರೆ ಹೊತ್ತಿಗೆ ಒಳಗೆ ಹೋಗುತ್ತವೆ. ಟಿ2ರಲ್ಲಿ ಎದ್ದಿಲ್ಲದ ಕೋಶ ಟಿ4ಕ್ಕೆ ಎದ್ದಿರಬಹುದು. ಒಟ್ಟಿಗೆ ಹೋಗಬೇಕಾದರೆ ರೀಸಸ್ಪೆನ್ಷನ್ ವಿಧಾನ ಹಿಡಿಯಿರಿ. ಹೈಡ್ರೊಲೈಸ್ಡ್ ಕೇಸೀನ್ ಮಾಧ್ಯಮದಲ್ಲಿ ಒಡಿ 0.6ರ ಆಸುಪಾಸಿಗೆ ಬೆಳೆಸಿ, ಕೋಶಗಳನ್ನು ಕೆಳಗಿಳಿಸಿ, 37 ಡಿಗ್ರಿಗೆ ಮೊದಲೇ ಬೆಚ್ಚಗಿಟ್ಟ ಬಡ ಮಾಧ್ಯಮಕ್ಕೆ ಹಾಕಿ. ಹಾಕಿದ ಕ್ಷಣವೇ ಟಿ0. ತಣ್ಣಗಿನ ಮಾಧ್ಯಮ ಹಾಕಿದರೆ ಆ ಜೊತೆನಡಿಗೆ ಅಲ್ಲೇ ಹಾಳು. 168 ತಳಿಗೆ ಟ್ರಿಪ್ಟೊಫಾನ್ ತಯಾರಿಸಲು ಬರುವುದಿಲ್ಲ. ಡಿಎಸ್‌ಎಂನ ಬ್ರಾತ್‌ನಲ್ಲಿ ಅದು ಇದೆ, ಬಡ ಮಾಧ್ಯಮದಲ್ಲಿ ಮಿಲಿಗೆ 20 ಮೈಕ್ರೋಗ್ರಾಂ ನೀವೇ ಹಾಕಬೇಕು.

ನೀಲಿ_ಫಲಕ

ಸರಿ, ವಿಭಜನೆಯ ಚಕ್ರದ ಮಾತನ್ನು ಒಪ್ಪಿದೆ. ಆದರೆ ಎರಡು ದಾರಿಗಳು ಬೇರೆ ಬೇರೆಯಲ್ಲ ಎಂಬುದನ್ನು ಸೇರಿಸುತ್ತೇನೆ. ಕಾಂಪಿಟೆನ್ಸ್‌ಗೆ ಬಾಗಿಲು ತೆರೆಯುವ ಕಾಮ್‌ಎಯೇ ರ್‍ಯಾಪ್‌ಎಯನ್ನೂ ಚಾಲೂ ಮಾಡುತ್ತದೆ, ರ್‍ಯಾಪ್‌ಎ ಸ್ಪೋರ್ ದಾರಿಯನ್ನು ತಡಮಾಡುತ್ತದೆ. ಇತ್ತ ಸ್ಪೋ0ಎ ಫಾಸ್ಫೇಟ್ ಮಧ್ಯಮ ಮಟ್ಟದಲ್ಲಿದ್ದಾಗ ಕಾಮ್‌ಕೆಗೆ ನೆರವಾಗುತ್ತದೆ, ಹೆಚ್ಚಾದಾಗ ಅದನ್ನೇ ತಡೆಯುತ್ತದೆ. ಕಾಮ್‌ಕೆಗೆ ಸಿಗುವುದು ಚಿಕ್ಕ ಕಿಟಕಿ, ಸ್ಪೋ0ಎ ಏರುತ್ತ ಹೋದಂತೆ ಅದು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಟ್ರಾನ್ಸ್‌ಫಾರ್ಮೇಶನ್ ಮಾಡುವವರು ಬೆಳವಣಿಗೆ ನಿಧಾನವಾಗಿ ಸುಮಾರು 90 ನಿಮಿಷದ ಹೊತ್ತಿಗೇ ಡಿಎನ್‌ಎ ಹಾಕುವುದು.

ಕಾಡುತಳಿ 3610ರಲ್ಲಿ ಇದನ್ನೆಲ್ಲ ಮಾಡಿ ಕಾಲನಿ ಬರಲಿಲ್ಲ ಎಂದು ಮಾಧ್ಯಮವನ್ನು ದೂರಬೇಡಿ. ಅದರೊಳಗಿನ ಪ್ಲಾಸ್ಮಿಡ್‌ (ಕ್ರೋಮೋಸೋಮಿನಿಂದ ಪ್ರತ್ಯೇಕವಾದ ಡಿಎನ್‌ಎ ವರ್ತುಲ) ತಯಾರಿಸುವ ಕಾಮ್‌ಐ ಎಂಬ ಪ್ರೋಟೀನ್ ಡಿಎನ್‌ಎ ಒಳಗೆ ಬರುವುದನ್ನೇ ತಡೆಯುತ್ತದೆ.

ಮೊಸರು_ಮಡಕೆ

ಸ್ಪೋರ್ ಆಗದೆ ಉಳಿದ ಕೋಶಗಳು ಹಸಿವಿನಿಂದ ಸತ್ತವು ಎಂದೇ ಇಟ್ಟುಕೊಳ್ಳಬಹುದೇ? ಎಣಿಕೆಯ ಛೇದದಲ್ಲಿ ಅವುಗಳೂ ಬರುತ್ತವಲ್ಲ.

ಸಿಗ್ಮಾ_ಎಫ್

ಹಾಗೆ ಇಟ್ಟುಕೊಂಡರೆ ತಪ್ಪುತ್ತದೆ. ಸ್ಪೋ0ಎ ಮೊದಲು ಚಾಲೂ ಆದ ಕೋಶಗಳು ಎಸ್‌ಕೆಎಫ್, ಎಸ್‌ಡಿಪಿ ಎಂಬ ಎರಡು ವಂಶವಾಹಿ ಗುಂಪುಗಳಿಂದ ಕೊಲ್ಲುವ ಪದಾರ್ಥ ಹೊರಬಿಡುತ್ತವೆ. ತಮಗೆ ತಟ್ಟದಂತೆ ರಕ್ಷಣೆಯನ್ನೂ ಇಟ್ಟುಕೊಂಡಿರುತ್ತವೆ. ಸ್ಪೋ0ಎ ಚಾಲೂ ಆಗದ ಒಡಹುಟ್ಟುಗಳು ಒಡೆದು ಹೋಗುತ್ತವೆ, ಅವುಗಳಿಂದ ಸೋರಿದ ಆಹಾರ ತಿಂದು ಮೊದಲನೆಯವು ಸ್ಪೋರ್ ಕಟ್ಟುವುದನ್ನು ಮುಂದೂಡುತ್ತವೆ. 2003ರಲ್ಲಿ ಗೊನ್ಸಾಲೆಸ್-ಪಾಸ್ಟರ್, ಹಾಬ್ಸ್, ಲೋಸಿಕ್ ಇದನ್ನು ವಿವರಿಸಿದರು. ಸ್ಪೋರ್ ಕಟ್ಟುವುದು ದುಬಾರಿ, ಸಾಧ್ಯವಾದಷ್ಟು ತಡಮಾಡಲು ಕೋಶ ಇಷ್ಟೆಲ್ಲ ಮಾಡುತ್ತದೆ. ಲೆಕ್ಕಕ್ಕೆ ಬೇಕಾದ ಮಾತು: ಟಿ24ರ ಒಟ್ಟು ಎಣಿಕೆಯಲ್ಲಿ ಒಡೆದುಹೋದವು ಸೇರಿರುವುದಿಲ್ಲ. ಹೋಲಿಕೆಗೆ ಟಿ2ರ ಜೀವಂತ ಎಣಿಕೆಯನ್ನೂ ಬರೆದಿಡಿ.

ಮೊಸರು_ಮಡಕೆ

ಒಂದು ಕೋಶ ಯಾವ ಹಂತದವರೆಗೆ ಹಿಂದಿರುಗಬಹುದು?

ಸಿಗ್ಮಾ_ಎಫ್

ಒಂದು ತುದಿಯ ಕಡೆ ಗೋಡೆ ಎದ್ದು, ಸಿಗ್ಮಾ ಎಫ್ ಮತ್ತು ಸಿಗ್ಮಾ ಇ ಕೆಲಸ ಶುರು ಮಾಡುವವರೆಗೆ. ಗೋಡೆ ಎದ್ದಾಗ ಪುಟ್ಟ ಕೋಣೆಯೊಳಗೆ ಕ್ರೋಮೋಸೋಮಿನ ಸುಮಾರು 30% ಮಾತ್ರ ಸಿಕ್ಕಿರುತ್ತದೆ. ಉಳಿದದ್ದನ್ನು ಸ್ಪೋ3ಇ ಎಂಬ ಪಂಪು ಗೋಡೆಯ ಮೂಲಕ ಎಳೆದು ತುಂಬುತ್ತದೆ. ಸಿಗ್ಮಾ ಎಫ್ ಪುಟ್ಟ ಕೋಣೆಯಲ್ಲಿ ಮಾತ್ರ ಬಿಡುಗಡೆಯಾಗುತ್ತದೆ: ಅದನ್ನು ಹಿಡಿದಿಟ್ಟ ಸ್ಪೋ2ಎಬಿಯಿಂದ ಬಿಡಿಸಲು ಸ್ಪೋ2ಎಎ ಬೇಕು, ಸ್ಪೋ2ಎಎ ಮೇಲಿನ ಫಾಸ್ಫೇಟ್ ತೆಗೆಯಲು ಗೋಡೆಗೆ ಅಂಟಿದ ಸ್ಪೋ2ಇ ಬೇಕು. ಪುಟ್ಟ ಕೋಣೆಯಿಂದ ಸ್ಪೋ2ಆರ್ ಎಂಬ ಸುದ್ದಿ ಹೋದ ಮೇಲೆಯೇ ದೊಡ್ಡ ಕೋಣೆಯಲ್ಲಿ ಸಿಗ್ಮಾ ಇಯ ಮುಂಭಾಗದ ತುಣುಕು ಕತ್ತರಿಸಿ ಅದು ಚಾಲೂ ಆಗುತ್ತದೆ. ಮುಂದೆ ಒಳಗೆ ಸಿಗ್ಮಾ ಜಿ, ಹೊರಗೆ ಸಿಗ್ಮಾ ಕೆ. ಒಂದು ಕಡೆಯವರು ಹೆಜ್ಜೆ ಇಟ್ಟ ಮೇಲೆ ಇನ್ನೊಂದು ಕಡೆಯವರು.

ನೋಡಬೇಕಾದರೆ ಟಿ1, ಟಿ2, ಟಿ3ರಲ್ಲಿ ಮಾದರಿ ತೆಗೆದು ಹೊಸ ಎಲ್‌ಬಿಗೆ (ಊಟ ಹೇರಳವಾಗಿರುವ ಮಾಧ್ಯಮಕ್ಕೆ) 1:10 ಹಾಕಿ. ಎಫ್‌ಎಂ4-64 ಬಣ್ಣ ಹಾಕಿ ಪೊರೆ ನೋಡಿ. ಟಿ1ರವು ಹೆಚ್ಚಿನವು ಮತ್ತೆ ಉದ್ದವಾಗಿ ವಿಭಜನೆಗೆ ಮರಳುತ್ತವೆ. ಟಿ3ರಲ್ಲಿ ತುದಿಯಲ್ಲಿ ಗೋಡೆ ಎದ್ದವು ಊಟದ ನಡುವೆ ಕೂತೇ ಸ್ಪೋರ್ ಕಟ್ಟುವುದನ್ನು ಮುಂದುವರಿಸುತ್ತವೆ.

ಹುಲ್ಲುಗಾವಲು

ಅಗರ್_ತಟ್ಟೆ ಅವರೇ, ಮತ್ತೆ ಶುರು ಮಾಡುವ ಮುಂಚೆ ತಳಿಯನ್ನೇ ಪರೀಕ್ಷಿಸಿ. ಎಲ್‌ಬಿಯಲ್ಲಿ ದಿನವೂ ದಾಟಿಸುತ್ತ ಬಂದ ಕಲ್ಚರ್‌ಗಳಲ್ಲಿ ಸ್ಪೋರ್ ಕಟ್ಟಲಾಗದ ರೂಪಾಂತರಗಳು ಸೇರಿಕೊಳ್ಳುತ್ತವೆ, ಊಟ ಇರುವಲ್ಲಿ ಅವಕ್ಕೇ ಲಾಭ. ಡಿಎಸ್‌ಎಂ ತಟ್ಟೆಯಲ್ಲಿ ಗೆರೆ ಎಳೆದು ಎರಡು ಮೂರು ದಿನ ಬಿಡಿ. ಒಳ್ಳೆಯ ಕಾಲನಿ ದಟ್ಟವಾಗಿ, ಕಂದು ಬಣ್ಣಕ್ಕೆ ತಿರುಗುತ್ತದೆ, ಆ ಕಂದು ಸ್ಪೋರ್ ಕವಚದ ಕಾಟ್‌ಎ ಕಿಣ್ವದ್ದು. ಸ್ಪೋರ್ ಕಟ್ಟದ ಕಾಲನಿ ಪೇಲವವಾಗಿ, ಬೆಳಕು ಹಾಯುವಂತೆ ಕಾಣುತ್ತದೆ. ಕಂದು ಕಾಲನಿಯೊಂದರಿಂದ 20% ಗ್ಲಿಸರಾಲ್‌ನಲ್ಲಿ −80 ಡಿಗ್ರಿಗೆ ಇಟ್ಟು, ಪ್ರತಿ ಸಲ ಅಲ್ಲಿಂದಲೇ ತೆಗೆಯಿರಿ. ರಿಪೋರ್ಟರ್ (ನಿಮ್ಮ ಸ್ಪೋ2ಜಿ-ಲ್ಯಾಕ್‌ಝಡ್ ತುಣುಕು) ಅಮೈಇಯಲ್ಲೇ ಕೂತಿದೆಯೇ ಎಂದು ನೋಡಲು 1% ಪಿಷ್ಟ ಹಾಕಿದ ಎಲ್‌ಬಿ ತಟ್ಟೆ ಸಾಕು: ರಾತ್ರಿ ಬೆಳೆಸಿ ಅಯೋಡಿನ್ ಸುರಿಯಿರಿ. ಕಾಲನಿಯ ಸುತ್ತ ತಿಳಿ ವರ್ತುಲ ಕಂಡರೆ ಅಮೈಇ ಇನ್ನೂ ಹಾಗೇ ಇದೆ, ನಿಮ್ಮ ತುಣುಕು ಬೇರೆಲ್ಲೋ ಕೂತಿದೆ.

ಅಗರ್_ತಟ್ಟೆ

ಧನ್ಯವಾದಗಳು. 25 ಮಿಲಿ, ತಣಿದ ಮೇಲೆ ಲವಣ, ಸ್ಪೋ0ಎ ಅಳಿಸಿದ ತಳಿ ಜೊತೆಗೆ, ಟಿ2 ಮತ್ತು ಟಿ24ರ ಎರಡೂ ಎಣಿಕೆ, ಜಿಎಫ್‌ಪಿಯ ಹಿಸ್ಟೊಗ್ರಾಂ. ಕೊನೆಯದಾಗಿ, ಟಿ24ರ ಫ್ಲಾಸ್ಕ್‌ಗಳನ್ನು 70% ಆಲ್ಕೋಹಾಲ್‌ನಿಂದ ಒರೆಸಿದರೆ ಸಾಕೇ?

ಹುಲ್ಲುಗಾವಲು

ಖಂಡಿತ ಸಾಲದು. ಸ್ಪೋರ್‌ಗೆ ಆಲ್ಕೋಹಾಲ್ ಏನೂ ಮಾಡುವುದಿಲ್ಲ, ಒರೆಸಿದ ಬಟ್ಟೆ ಅದನ್ನು ಮೇಜಿನ ತುಂಬ ಹರಡುತ್ತದೆ. ಕುದಿಯುವ ನೀರಿಗೂ ಭರವಸೆ ಇಡಬೇಡಿ. ಬೆಂದ ಅನ್ನವನ್ನು ಹೊರಗಿಟ್ಟಾಗ ಇದರ ಸಂಬಂಧಿ ಬ್ಯಾಸಿಲಸ್ ಸಿರಿಯಸ್ ಬೆಳೆಯುವುದೂ ಕುದಿತ ತಡೆದುಕೊಂಡ ಸ್ಪೋರ್‌ಗಳಿಂದಲೇ. ಮೇಜಿಗೆ ಅದೇ ದಿನ ತೆಳುಮಾಡಿದ ಸೋಡಿಯಂ ಹೈಪೋಕ್ಲೋರೈಟ್ ಹಾಕಿ, ಕನಿಷ್ಠ 10 ನಿಮಿಷ ಒದ್ದೆಯಾಗಿಯೇ ಬಿಟ್ಟು ಆಮೇಲೆ ನೀರಿನಲ್ಲಿ ಒರೆಸಿ. ಫ್ಲಾಸ್ಕ್‌ಗಳನ್ನು 121 ಡಿಗ್ರಿಯಲ್ಲಿ 30 ನಿಮಿಷ ಆಟೋಕ್ಲೇವ್ ಮಾಡಿ, ಮುಚ್ಚಳ ಸಡಿಲ ಇರಲಿ, ಉಗಿ ಒಳಗೆ ಹೋಗದಿದ್ದರೆ ಆ ತಾಪಮಾನ ಡಬ್ಬಿಯ ಹೊರಗೇ ಉಳಿಯುತ್ತದೆ. ಹೈಪೋಕ್ಲೋರೈಟ್ ಸುರಿದ ಫ್ಲಾಸ್ಕನ್ನು ಮಾತ್ರ ಆಟೋಕ್ಲೇವ್‌ಗೆ ಇಡಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಎರಡರಲ್ಲಿ ಒಂದು.